ಹಿಪ್-ಹಾಪ್ ಸಂಸ್ಕೃತಿಯಲ್ಲಿ ಸಾಚಾತನ, ಸೆರೆವಾಸ ಮತ್ತು ಉದ್ಧಾರ

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ತರುಣನು ಸಂಗೀತ ನುಡಿಸಿದ ಒಂದು ಕುಣಿತದ ಕೂಟದಿಂದ ಹಿಪ್-ಹಾಪ್ ಸಂಸ್ಕೃತಿಯ ಕಾಲಗಣನೆಯನ್ನು ಆರಂಭಿಸುವುದು ವಾಡಿಕೆಯಾಗಿದೆ. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನವು, ಗವರ್ನರ್ ರಾಕ್‌ಫೆಲರನ ಹೆಸರಿನಿಂದಲೇ ಪ್ರಸಿದ್ಧವಾದ, ಮಾದಕವಸ್ತುಗಳಿಗೆ ಸಂಬಂಧಿಸಿದ ಕಠೋರ ಶಾಸನಗಳನ್ನು ಜಾರಿಗೆ ತಂದಿತು. ಇವೆರಡೂ ಒಂದೇ ವರ್ಷದಲ್ಲಿ ಘಟಿಸಿದ್ದು ಆಕಸ್ಮಿಕವೇ ಸರಿ. ಆದರೆ ಮುಂದಿನ ಎರಡು ದಶಕಗಳಲ್ಲಿ ಈ ಹಾಡೂ ಆ ಸೆರೆಮನೆಯೂ ಒಂದನ್ನೊಂದು ಬಿಡದಂತೆ ಹೆಣೆದುಕೊಂಡುದು ಆಕಸ್ಮಿಕವಲ್ಲ. ಆ ಹೆಣಿಗೆಯ ಸ್ವರೂಪವನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲಿಗೆ ಶಾಸನದ ಹಿನ್ನೆಲೆಯನ್ನು ಗಮನಿಸೋಣ. 1986ರ ಫೆಡರಲ್ ಕಾಯಿದೆಯ ಪ್ರಕಾರ 500 ಗ್ರಾಂ ಪುಡಿ ಕೊಕೇನಿಗೆ ವಿಧಿಸುವ ಕನಿಷ್ಠ ಐದು ವರ್ಷಗಳ ಶಿಕ್ಷೆಯನ್ನೇ ಕೇವಲ 5 ಗ್ರಾಂ ಕ್ರ್ಯಾಕ್ ಕೊಕೇನಿಗೂ ವಿಧಿಸಬೇಕಾಗಿತ್ತು. ಈ ತಾರತಮ್ಯದ ಭಾರವು ಬಹುಮಟ್ಟಿಗೆ ಆಫ್ರಿಕನ್ ಅಮೆರಿಕನರ ಮೇಲೆ ಬಿದ್ದಿತು; 2010ರಲ್ಲಿ ಅದನ್ನು ತಗ್ಗಿಸಲಾಯಿತೇ ಹೊರತು ಅಳಿಸಲಾಗಲಿಲ್ಲ. 1980ರಲ್ಲಿ ಸುಮಾರು 3 ಲಕ್ಷದಷ್ಟಿದ್ದ ಫೆಡರಲ್ ಹಾಗೂ ಸಂಸ್ಥಾನಗಳ ಕಾರಾಗೃಹವಾಸಿಗಳ ಸಂಖ್ಯೆ 2000ದ ವೇಳೆಗೆ 13 ಲಕ್ಷವನ್ನು ಮೀರಿತು. ನಗರದ ಬಡ ಕೇರಿಗಳ ಪಾಲಿಗೆ ಸೆರೆಮನೆಯು ದೂರದ ವಾರ್ತೆಯಾಗಿ ಉಳಿಯದೆ ಮನೆಮಾತಾಯಿತು.

ಆರಂಭದ ರ‍್ಯಾಪ್ ಹಾಡುಗಳಲ್ಲಿ ಕುಣಿತ, ಚಮತ್ಕಾರ, ಬಡಾಯಿಗಳೇ ಪ್ರಧಾನವಾಗಿದ್ದವು. 1982ರ ‘ದಿ ಮೆಸೇಜ್’ ಬೀದಿಯ ಬವಣೆಯನ್ನು ಮುನ್ನೆಲೆಗೆ ತಂದಿತು. 1988ರಲ್ಲಿ ಕ್ಯಾಲಿಫೋರ್ನಿಯಾದ ಕಾಂಪ್ಟನ್ ಪಟ್ಟಣದ ಎನ್.ಡಬ್ಲ್ಯು.ಎ. ತಂಡವು ಅದಕ್ಕೆ ಉಗ್ರರೂಪ ಕೊಟ್ಟಿತು. ತರುವಾಯ ಗಾಯಕನು ಹಾಡಿದ್ದನ್ನು ಬಾಳಿರಬೇಕೆಂಬ ನಿರೀಕ್ಷೆ ಬಲವಾಯಿತು. ನಡೆನುಡಿಗಳು ಒಂದಾಗಿರಬೇಕೆಂದು ನಾವೂ ಹೇಳುವುದುಂಟು. ಆದರೆ ನಮ್ಮಲ್ಲಿ ನುಡಿದಂತೆ ನಡೆಯುವುದು ಆದರ್ಶ. ಇಲ್ಲಿಯಾದರೋ ನಡೆದುದನ್ನು ಮಾತ್ರವೇ ನುಡಿಯುವ ಅಧಿಕಾರ. ಹೀಗೆ ಸೆರೆವಾಸವು ಸಾಚಾತನದ ಅರ್ಹತಾಪತ್ರವಾಯಿತು. ಮಾರುಕಟ್ಟೆಯು ಆ ಪತ್ರಕ್ಕೆ ಬೆಲೆ ಕಟ್ಟಿತು.

ಟೂಪಾಕ್ ಶಕೂರನ ನಿದರ್ಶನವನ್ನು ನೋಡಬಹುದು. ಬಾಲ್ಟಿಮೋರಿನ ಕಲಾಶಾಲೆಯಲ್ಲಿ ಅಭಿನಯವನ್ನೂ ನೃತ್ಯವನ್ನೂ ಕಲಿತಿದ್ದ ಈತನು, ಮಹಿಳೆಯೊಬ್ಬಳ ಮೇಲಣ ಲೈಂಗಿಕ ದೌರ್ಜನ್ಯದ ಅಪರಾಧಕ್ಕಾಗಿ 1995ರಲ್ಲಿ ಸೆರೆಯಲ್ಲಿದ್ದಾಗಲೇ ಈತನ ಗೀತಸಂಪುಟವೊಂದು ಮಾರಾಟದಲ್ಲಿ ಅಗ್ರಸ್ಥಾನಕ್ಕೇರಿತು. ಅದೇ ಅಕ್ಟೋಬರಿನಲ್ಲಿ ಧ್ವನಿಮುದ್ರಣ ಸಂಸ್ಥೆಯೊಂದು 14 ಲಕ್ಷ ಡಾಲರುಗಳ ಜಾಮೀನಿಗೆ ಏರ್ಪಾಡು ಮಾಡಿ, ಕರಾರಿನಿಂದ ಕಟ್ಟಿಹಾಕಿಕೊಂಡು ಆತನನ್ನು ಹೊರತಂದಿತು. ವರ್ಷ ತುಂಬುವ ಮುನ್ನವೇ, 1996ರ ಸೆಪ್ಟೆಂಬರಿನಲ್ಲಿ, ಆತನು ಗುಂಡೇಟಿನಿಂದ ಮೃತನಾದನು. ಬಿಡುಗಡೆಯೆಲ್ಲವೂ ಉದ್ಧಾರವಲ್ಲವೆಂಬುದಕ್ಕೂ, ಸೆರೆವಾಸದ ಕೀರ್ತಿಯ ಹಿಂದೆ ನೊಂದವರು ಮರೆಯಾಗಬಹುದೆಂಬುದಕ್ಕೂ ಇದು ಸಾಕ್ಷಿ. ಇದಕ್ಕೆ ಪ್ರತಿಯಾಗಿ, ಮಾದಕವಸ್ತುಗಳ ದಣಿಯಂತೆ ಹಾಡುತ್ತಿದ್ದ ರಿಕ್ ರಾಸ್ ಎಂಬಾತನು ಹಿಂದೆ ಸೆರೆಮನೆಯ ಕಾವಲು ಅಧಿಕಾರಿಯಾಗಿದ್ದನೆಂಬುದು 2008ರಲ್ಲಿ ಬಯಲಾಯಿತು. ಆದರೂ ಮರುವರ್ಷ ಆತನ ಸಂಪುಟವು ಅಗ್ರಸ್ಥಾನವನ್ನೇ ಪಡೆಯಿತು. ಆದ್ದರಿಂದ ಸಾಚಾತನವೆಂಬುದು ಜೀವನದ ದಾಖಲೆಯಷ್ಟೇ ಅಲ್ಲ, ಕಾವ್ಯದ ಒಂದು ಸಮಯವೂ ಹೌದೆಂದು ಹೇಳಬೇಕಾಗುತ್ತದೆ.

ಈ ಭೇದವನ್ನು ಮರೆತರೆ ಆಗುವ ಅನರ್ಥವು ಬರಿಯ ವಿಮರ್ಶೆಯ ಅನರ್ಥವಲ್ಲ. ಲೂಯಿಸಿಯಾನಾದ ಮ್ಯಾಕ್ ಫಿಪ್ಸ್ ಎಂಬ ಗಾಯಕನಿಗೆ ಹಿಂದೆ ಯಾವ ಅಪರಾಧದ ದಾಖಲೆಯೂ ಇರಲಿಲ್ಲ. ಕೊಲೆಯ ಮೊಕದ್ದಮೆಯೊಂದರಲ್ಲಿ ಆತನ ಹಾಡುಗಳ ಸಾಲುಗಳನ್ನೇ ಆತನ ವಿರುದ್ಧ ನ್ಯಾಯದರ್ಶಿಗಳ ಮುಂದೆ ಓದಲಾಯಿತು. 2001ರಲ್ಲಿ 30 ವರ್ಷಗಳ ಶಿಕ್ಷೆಯಾಯಿತು. ತಾನು ನಿರಪರಾಧಿಯೆಂದೇ ಹೇಳುತ್ತ ಬಂದ ಆತನು ಗವರ್ನರನ ದಯಾಧಿಕಾರದ ಫಲವಾಗಿ 2021ರಲ್ಲಿ ಪೆರೋಲಿನ ಮೇಲೆ ಹೊರಬಂದನು. ಪೇಟೆಯಲ್ಲಿ ಮೆಚ್ಚುಗೆ ತಂದ ಮಾತೇ ನ್ಯಾಯಾಲಯದಲ್ಲಿ ಉರುಳಾಯಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಇಂತಹ ಸಾಕ್ಷ್ಯದ ಬಳಕೆಗೆ ಶಾಸನದ ಮೂಲಕ ಮಿತಿ ಹಾಕಿತು.

ಇನ್ನು ಉದ್ಧಾರದ ವಿಚಾರ. ಇದರ ಮಾದರಿಯು ಹಿಪ್-ಹಾಪಿಗಿಂತ ಹಳೆಯದು. 1946ರಿಂದ 1952ರವರೆಗೆ ಸೆರೆಯಲ್ಲಿದ್ದ ಮಾಲ್ಕಂ ಎಕ್ಸ್, ಅಲ್ಲಿ ನಿಘಂಟನ್ನು ನಕಲು ಮಾಡುತ್ತ ವಿದ್ಯಾವಂತನಾಗಿ ಹೊರಬಂದ ಕಥೆ ಸುಪ್ರಸಿದ್ಧ. ಅಲ್ಲಿ ಮಾರ್ಪಡಬೇಕಾದವನು ವ್ಯಕ್ತಿ. ಫಿಲಡೆಲ್ಫಿಯಾದ ಮೀಕ್ ಮಿಲ್ಲನ ಪ್ರಕರಣದಲ್ಲಿ ಒತ್ತು ಬದಲಾಗಿರುವುದನ್ನು ಕಾಣುತ್ತೇವೆ. ತಾರುಣ್ಯದ ಪ್ರಕರಣವೊಂದರ ಪರಿವೀಕ್ಷಣೆಯ ನಿಯಮಗಳನ್ನು ಮೀರಿದನೆಂದು 2017ರಲ್ಲಿ ಮರಳಿ ಸೆರೆಗೆ ಹೋದ ಆತನು, 2018ರಲ್ಲಿ ಬಿಡುಗಡೆ ಹೊಂದಿ, ಮರುವರ್ಷ ಆ ನಿಯಮಗಳನ್ನೇ ತಿದ್ದಲು ಹೊರಟ ಸಂಘವೊಂದರ ಸ್ಥಾಪಕರಲ್ಲಿ ಒಬ್ಬನಾದನು. ಉದ್ಧಾರಗೊಳ್ಳಬೇಕಾದದ್ದು ಬಂದಿ ಮಾತ್ರವಲ್ಲ, ಬಂಧಿಸಿದ ವ್ಯವಸ್ಥೆಯೂ ಎಂಬುದು ಇಲ್ಲಿಯ ವಾದ.

ಚರಿತ್ರೆಯ ವಿದ್ಯಾರ್ಥಿಗೆ ಇದರಿಂದ ಒಂದು ಪಾಠವಿದೆ. ಶಾಸನದ ಪ್ರಶಸ್ತಿಭಾಗದಲ್ಲಿ ಅರಸನು ಲೋಕವನ್ನೇ ಗೆದ್ದನೆಂದಿದ್ದರೆ ನಾವು ಅದನ್ನು ಹಾಗೆಯೇ ನಂಬುವುದಿಲ್ಲ. ಸುಳ್ಳೆಂದು ಎಸೆಯುವುದೂ ಇಲ್ಲ. ಆ ಕಾಲವು ಯಾವುದನ್ನು ಹಿರಿಮೆಯೆಂದು ಎಣಿಸಿತೆಂಬುದನ್ನು ಅದರಿಂದ ಅರಿಯುತ್ತೇವೆ. ಸೆರೆಮನೆಯ ಹಾಡನ್ನೂ ಅದೇ ವಿವೇಕದಿಂದ ಓದಬೇಕು. ಶಾಸನವನ್ನು ತಪ್ಪಾಗಿ ಓದಿದರೆ ಗ್ರಂಥವೊಂದು ಕೆಟ್ಟೀತು. ಈ ಹಾಡನ್ನು ತಪ್ಪಾಗಿ ಓದಿದಾಗ ಬದುಕಿರುವ ಮನುಷ್ಯನ ವರ್ಷಗಳು ಕಳೆದುಹೋಗುತ್ತವೆ.