ಗಣಕಯಂತ್ರದಿಂದ ಕ್ಯಾಸೆಟ್ಟಿಗೆ: ಒಂದು ಸಣ್ಣ ಉದ್ದಿಮೆಯ ಲೆಕ್ಕಾಚಾರ

ಕರಾವಳಿಯ ಉದ್ಯಮಗಳ ಮಾತು ಬಂದಾಗ ಹೆಂಚು, ಗೇರುಬೀಜ, ಮೀನುಗಾರಿಕೆ, ಹೋಟೆಲುಗಳ ಹೆಸರು ಸಹಜವಾಗಿಯೇ ಮುಂದೆ ಬರುತ್ತದೆ. ಒಂದೇ ಕೋಣೆಯಲ್ಲಿ, ಮನೆಮಂದಿಯ ದುಡಿಮೆಯಿಂದಲೇ ನಡೆದುಬಂದ ವಿಡಿಯೋ ಸ್ಟುಡಿಯೋಗಳನ್ನು ಉದ್ದಿಮೆಯೆಂದು ಗಣಿಸಿದವರು ಕಡಿಮೆ. ಆದರೆ ತಂತ್ರಜ್ಞಾನ ಬದಲಾದಾಗ ಸಣ್ಣ ಬಂಡವಾಳದ ಗತಿ ಏನಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಕುಂದಾಪುರದ ಸಮೀಪದ ಗುಲ್ವಾಡಿಯನ್ನೇ ತೆಗೆದುಕೊಳ್ಳೋಣ. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯನ್ನು ಪ್ರಕಟಿಸಿದ ವೆಂಕಟರಾಯರು ತಮ್ಮ ಹೆಸರಿನೊಡನೆ ಹೊತ್ತ ಊರು ಇದು. ಇಲ್ಲಿನ ಸೌಕೂರು ದುರ್ಗಾಪರಮೇಶ್ವರಿ ದೇವಸ್ಥಾನದ ಹೆಸರಿನಲ್ಲಿ ಯಕ್ಷಗಾನ ಮೇಳವೂ ಉಂಟು. ಮದುವೆ, ಗೃಹಪ್ರವೇಶ, ಹರಕೆಯಾಟ ಇವೇ ಇಂತಹ ಊರುಗಳಲ್ಲಿ ವಿಡಿಯೋ ಚಿತ್ರೀಕರಣಕ್ಕೆ ಆಧಾರವಾದ ಸಂದರ್ಭಗಳು. ರಾತ್ರಿಯಿಡೀ ನಡೆಯುವ ಆಟಕ್ಕೆ 180 ನಿಮಿಷದ ವಿಎಚ್‌ಎಸ್ ಕ್ಯಾಸೆಟ್ ಒಂದು ಸಾಲದು. ಸಾಮಾನ್ಯವಾಗಿ ಮೂರು ಬೇಕಾಗುತ್ತಿದ್ದವು.

ಮುದ್ರಣದ ವಿಧಾನ

ಜಪಾನಿನ ಜೆವಿಸಿ ಸಂಸ್ಥೆ 1976ರಲ್ಲಿ ವಿಎಚ್‌ಎಸ್ ಪದ್ಧತಿಯನ್ನು ಮಾರುಕಟ್ಟೆಗೆ ತಂದಿತು. ಆರಂಭದಲ್ಲಿ ಎರಡು ವಿಸಿಆರ್‌ಗಳನ್ನು ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ದೃಶ್ಯಗಳನ್ನು ಆಯ್ದು ಮುದ್ರಿಸುವುದೇ ಸಂಕಲನವಾಗಿತ್ತು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರ ಮಸುಕಾಗುತ್ತಿತ್ತು. 1995ರಲ್ಲಿ ಡಿವಿ ಪದ್ಧತಿ ಬಂದ ಮೇಲೆ ಕ್ಯಾಮೆರಾದ ದೃಶ್ಯವನ್ನು ಫೈರ್‌ವೈರ್ ತಂತಿಯ ಮೂಲಕ ಗಣಕಯಂತ್ರಕ್ಕೆ ಇಳಿಸಿ, ಅಲ್ಲಿಯೇ ಸಂಕಲಿಸಿ, ಮರಳಿ ಟೇಪಿಗೆ ಮುದ್ರಿಸುವುದು ಸಾಧ್ಯವಾಯಿತು. ಗಣಕಯಂತ್ರದಿಂದ ಹೊರಟ ಪ್ರತಿಯೊಂದು ಕ್ಯಾಸೆಟ್ಟೂ ಮೊದಲನೆಯ ಪ್ರತಿಯೇ ಆಗಿರುತ್ತಿದ್ದುದರಿಂದ, ಹತ್ತನೆಯ ಗಿರಾಕಿಗೂ ಮೊದಲಿನವನಿಗೆ ದೊರೆತ ಗುಣಮಟ್ಟವೇ ದೊರೆಯುತ್ತಿತ್ತು.

ಆದರೆ ಕೆಲಸ ಸುಲಭವಾಗಿರಲಿಲ್ಲ. ಡಿವಿ ದೃಶ್ಯ ಒಂದು ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಡುತ್ತದೆ. ಹಾರ್ಡ್‌ಡಿಸ್ಕ್ ನಿಧಾನವಾದರೆ ಅಥವಾ ಮಧ್ಯದಲ್ಲಿ ಬೇರೊಂದು ತಂತ್ರಾಂಶ ಎಚ್ಚೆತ್ತರೆ ಚೌಕಟ್ಟುಗಳು ತಪ್ಪಿಹೋಗುತ್ತಿದ್ದವು. ಗಣಕಯಂತ್ರದ ಪರದೆಯಲ್ಲಿ ಅಂಚಿಗೆ ಬರೆದ ವಧೂವರರ ಹೆಸರು ಟಿ.ವಿ.ಯಲ್ಲಿ ಕತ್ತರಿಸಿಹೋಗುತ್ತಿತ್ತು, ಹಳೆಯ ಟಿ.ವಿ.ಗಳು ಚಿತ್ರದ ನಾಲ್ಕು ಅಂಚುಗಳನ್ನೂ ಸ್ವಲ್ಪ ಮರೆಮಾಡುತ್ತಿದ್ದುದೇ ಇದಕ್ಕೆ ಕಾರಣ. ತೆಳುವಾದ ಅಡ್ಡಗೆರೆಗಳು ಮಿನುಗುತ್ತಿದ್ದವು. ಮುದ್ರಣದ ನಡುವೆ ವಿದ್ಯುತ್ ಹೋದರೆ ಆ ಪ್ರತಿಯನ್ನು ಮೊದಲಿನಿಂದ ಮಾಡಬೇಕಾಗುತ್ತಿತ್ತು. ಹೀಗಾಗಿ ಯುಪಿಎಸ್ ಐಷಾರಾಮವಾಗಿರದೆ ಅವಶ್ಯಕ ಸಲಕರಣೆಯಾಗಿತ್ತು.

ವೇಳೆಯೇ ಬಂಡವಾಳ

ಈ ಉದ್ದಿಮೆಯ ನಿಜವಾದ ವೆಚ್ಚ ಖಾಲಿ ಕ್ಯಾಸೆಟ್ಟಿನ ಬೆಲೆಯಾಗಿರಲಿಲ್ಲ, ವೇಳೆಯಾಗಿತ್ತು. ಎರಡು ಗಂಟೆಯ ಮದುವೆಯನ್ನು ಟೇಪಿಗೆ ಇಳಿಸಲು ಎರಡು ಗಂಟೆಯೇ ಬೇಕು. ನಾಲ್ಕು ಪ್ರತಿಗಳಿಗೆ ಒಂದೇ ವಿಸಿಆರ್ ಇದ್ದರೆ ಎಂಟು ಗಂಟೆ ಹಿಡಿಯುತ್ತದೆ. ಸಂಕೇತವನ್ನು ಹಂಚುವ ಉಪಕರಣವೊಂದನ್ನಿಟ್ಟು ನಾಲ್ಕು ವಿಸಿಆರ್‌ಗಳನ್ನು ಜೋಡಿಸಿದರೆ ಎರಡೇ ಗಂಟೆ ಸಾಕು. ಆದರೆ ಆ ಹೆಚ್ಚುವರಿ ಯಂತ್ರಗಳು ಮದುವೆಯ ಋತು ಮುಗಿದ ಮೇಲೆ ಸುಮ್ಮನೆ ಕುಳಿತಿರುತ್ತವೆ. ದರ ನಿಗದಿಪಡಿಸುವಾಗ ಈ ಯಂತ್ರ-ಗಂಟೆಗಳನ್ನು ಸೇರಿಸದೆ, ಕ್ಯಾಸೆಟ್ಟಿನ ಬೆಲೆಗೆ ಅಲ್ಪ ಲಾಭವನ್ನಷ್ಟೇ ಕೂಡಿಸಿದವನಿಗೆ ದುಡಿಮೆ ಇದ್ದರೂ ಉಳಿತಾಯವಿರುವುದಿಲ್ಲ. ಈ ಮಾತು ಮುದ್ರಣಾಲಯಕ್ಕೂ, ಹಿಟ್ಟಿನ ಗಿರಣಿಗೂ ಅಷ್ಟೇ ಅನ್ವಯಿಸುತ್ತದೆ.

ಮುಂದೆ ವಿಸಿಡಿ, ಡಿವಿಡಿಗಳು ಬಂದವು. ಬಿಲ್ಲೆಯನ್ನು ನಿಜಕಾಲಕ್ಕಿಂತ ಬೇಗನೆ ಬರೆಯಬಹುದಾಗಿದ್ದರಿಂದ ಟೇಪಿನ ವ್ಯವಹಾರ ಕುಸಿಯಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಪ್ರಮುಖ ಸಂಸ್ಥೆಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಈ ಹಂತದಲ್ಲಿ ಬಾಳಿದವರು ಗಣಕಯಂತ್ರ ಹಾಗೂ ಸಂಕಲನದ ಕೌಶಲಕ್ಕೆ ಹಣ ಹಾಕಿದವರು; ಕೌಶಲ ಹೊಸ ಮಾಧ್ಯಮಕ್ಕೂ ಒದಗಿತು. ವಿಸಿಆರ್‌ಗಳ ಸಾಲಿಗೆ ಹಾಕಿದ ಹಣ ಮಾತ್ರ ಗುಜರಿಯಾಯಿತು.

ಹಿಮ್ಮುಖ ಪ್ರಯಾಣ

ಇಂದು ಕೆಲಸ ತಿರುವುಮುರುವಾಗಿದೆ. ಕಪಾಟುಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸಬೇಕಾಗಿದೆ. ನಮ್ಮ ಕರಾವಳಿಯ ಮಳೆಗಾಲದ ತೇವಾಂಶ ಟೇಪಿಗೆ ಶತ್ರು. ಬಿಳಿಯ ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಓಡಿಸಿದರೆ ಯಂತ್ರದ ಹೆಡ್ ಕೆಡುವುದಲ್ಲದೆ, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಸುಸ್ಥಿತಿಯ ವಿಸಿಆರ್ ಇರುವ ಸ್ಟುಡಿಯೋಗಳು ಅದನ್ನು ಗುಜರಿಗೆ ಹಾಕುವ ಮುನ್ನ ಯೋಚಿಸುವುದೊಳಿತು. ಊರಿನ ದೇವಸ್ಥಾನಗಳು, ಮೇಳಗಳು, ಪರವೂರಿನಲ್ಲಿ ನೆಲೆಸಿದ ಕುಟುಂಬಗಳು ಈ ಸೇವೆಯ ಸಂಭಾವ್ಯ ಗಿರಾಕಿಗಳು. ಅಗಲಿದ ಹಿರಿಯ ಕಲಾವಿದರ ವೇಷ, ಭಾಗವತರ ಕಂಠ ಕೆಲವೆಡೆ ಇಂತಹ ಒಂದೇ ಪ್ರತಿಯಲ್ಲಿ ಉಳಿದಿರಬಹುದು.

ಹಕ್ಕಿನ ಪ್ರಶ್ನೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ಮಾಡಿದ ಚಿತ್ರೀಕರಣಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮಾಡಿಸಿದವರೇ ಮೊದಲ ಒಡೆಯರು. 1994ರ ತಿದ್ದುಪಡಿಯು ಪ್ರದರ್ಶನ ಕಲಾವಿದರಿಗೂ ಪ್ರತ್ಯೇಕ ಹಕ್ಕನ್ನು ನೀಡಿದೆ. ಆದ್ದರಿಂದ ಹಳೆಯ ಮದುವೆ ಅಥವಾ ಆಟದ ಕ್ಯಾಸೆಟ್ ತಮ್ಮ ಕಪಾಟಿನಲ್ಲಿದೆ ಎಂಬ ಮಾತ್ರಕ್ಕೆ ಅದನ್ನು ಮಾರುವ ಅಥವಾ ಅಂತರಜಾಲಕ್ಕೆ ಏರಿಸುವ ಅಧಿಕಾರ ಸ್ಟುಡಿಯೋದವರಿಗೆ ಬರುವುದಿಲ್ಲ. ಕೆಲಸ ಒಪ್ಪಿಕೊಳ್ಳುವಾಗಲೇ ಪ್ರತಿಗಳ ಸಂಖ್ಯೆ, ಮೂಲ ಟೇಪಿನ ಒಡೆತನ, ಎಷ್ಟು ಕಾಲ ಕಾಯ್ದಿಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯುವುದು ಇಬ್ಬರಿಗೂ ಕ್ಷೇಮ.

1899ರ ಕಾದಂಬರಿಯನ್ನು ಓದಲು ಕಣ್ಣೊಂದಿದ್ದರೆ ಸಾಕು; 1999ರ ಮದುವೆಯನ್ನು ನೋಡಲು ತಯಾರಿಕೆಯೇ ನಿಂತ ಯಂತ್ರವೊಂದು ಬೇಕು. ಆ ಯಂತ್ರವನ್ನು ನಡೆಸಬಲ್ಲವರು ನಮ್ಮ ನಡುವೆ ಇನ್ನೂ ಇರುವಾಗಲೇ ಈ ಕೆಲಸ ಆಗಬೇಕಾಗಿದೆ. ಮುಂದಿನ ಮಳೆಗಾಲಕ್ಕೆ ಮುನ್ನ ತಮ್ಮ ಕಪಾಟನ್ನೊಮ್ಮೆ ತೆರೆದು ನೋಡುವುದು ಸ್ಟುಡಿಯೋ ಬಂಧುಗಳು ಕೈಗೊಳ್ಳಬಹುದಾದ ಮೊದಲ ಹೆಜ್ಜೆ.