ಮಹಾವೀರಾಚಾರ್ಯರ ಅಂಕಿಗಳ ಹಾರ: 12345654321

12345654321. ಈ ಸಂಖ್ಯೆಯ ಅಂಕಿಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ. ಲೆಕ್ಕದ ಭಾಷೆಯಲ್ಲಿ ಇದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಒಂಬತ್ತನೆಯ ಶತಮಾನದಲ್ಲಿ ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ಈ ಸಂಖ್ಯೆಯನ್ನು ಕೊಟ್ಟಿದ್ದಾರೆ. ಗ್ರಂಥದ ಆರಂಭದಲ್ಲಿ ಭಗವಾನ್ ಮಹಾವೀರರಿಗೆ ವಂದಿಸಿ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾರೆ. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಗುಣಾಕಾರವನ್ನು ಕಲಿಸುವ ಭಾಗದಲ್ಲಿ ಆಚಾರ್ಯರು ಬೇಕಾಬಿಟ್ಟಿ ಸಂಖ್ಯೆಗಳನ್ನು ಕೊಡುವುದಿಲ್ಲ. ಉತ್ತರವೇ ಕೊರಳ ಹಾರದಂತೆ ಎರಡೂ ಕಡೆ ಸಮವಾಗಿ ಬರುವ ಲೆಕ್ಕಗಳನ್ನು ಆರಿಸುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. ಹಾಗೆಯೇ 27994681ನ್ನು 441ರಿಂದ ಗುಣಿಸಿದರೆ 12345654321. ಶಿಷ್ಯನು ಎಲ್ಲಾದರೂ ತಪ್ಪಿದರೆ ಹಾರ ಕೆಡುತ್ತದೆ, ತಪ್ಪು ತಕ್ಷಣ ಕಾಣುತ್ತದೆ.

ಇದು ಹೇಗೆ ಸಾಧ್ಯ? 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. 111111ನ್ನು 111111ರಿಂದಲೇ ಕಾಗದದ ಮೇಲೆ ಗುಣಿಸಿ ನೋಡಿ. ಆರು ಸಾಲು ಒಂದುಗಳು, ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕಂಬಸಾಲುಗಳನ್ನು ಕೂಡಿದರೆ 1, 2, 3, 4, 5, 6, 5, 4, 3, 2, 1. ಯಾವ ಮೊತ್ತವೂ ಹತ್ತು ಮುಟ್ಟದ ಕಾರಣ ಪಕ್ಕದ ಸ್ಥಾನಕ್ಕೆ ಏನನ್ನೂ ಒಯ್ಯಬೇಕಿಲ್ಲ.

ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ, ಉತ್ತರ 12345678987654321. ಹತ್ತು ಒಂದುಗಳಾದರೆ ನಡುವಿನ ಮೊತ್ತ ಹತ್ತಾಗಿ 1234567900987654321 ಬರುತ್ತದೆ, ಹಾರ ಹರಿಯುತ್ತದೆ.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಆದ್ದರಿಂದ ಇವುಗಳಲ್ಲಿ ಪ್ರತಿಯೊಂದರ ವರ್ಗದಿಂದಲೂ 12345654321 ನಿಶ್ಶೇಷವಾಗಿ ಭಾಗವಾಗುತ್ತದೆ. ಇದರ ಅಂಕಿಗಳ ಮೊತ್ತ 36. ಹೀಗಾಗಿ 9ರಿಂದಲೂ ಭಾಗವಾಗಬೇಕು ಎಂದು ಬಾಯಲ್ಲೇ ಹೇಳಬಹುದು.

ಇಂತಹ ಸಂಖ್ಯೆಗಳನ್ನು ‘ಪವಾಡ’, ‘ಅದೃಷ್ಟ’ ಎಂದು ಮೊಬೈಲಿನಲ್ಲಿ ಹಂಚುವುದುಂಟು. ಹಾಗೆ ಹಂಚಿದಾಗ ಆಚಾರ್ಯರ ನಿಜವಾದ ಹಿರಿಮೆ ಮರೆಯಾಗುತ್ತದೆ. ಅವರು ಗಣಿತವನ್ನು ವ್ಯಾಪಾರ, ಅಡುಗೆ, ವೈದ್ಯ, ವಾಸ್ತು, ಗ್ರಹಚಾರಗಳಿಗೆಲ್ಲ ಬೇಕಾದ ವಿದ್ಯೆ ಎಂದವರು. ಕಾರಣ ತಿಳಿದು ಒಪ್ಪುವುದೇ ಸಮ್ಯಗ್ಜ್ಞಾನದ ದಾರಿ. ಪೂರ್ವಜರ ಬಗ್ಗೆ ಹೆಮ್ಮೆ ಪಡುವ ಮನೆಯಲ್ಲಿ ಒಬ್ಬರಾದರೂ ಆ ಲೆಕ್ಕವನ್ನು ಮಾಡಿ ನೋಡಿರಬೇಕು.

ಈ ಗ್ರಂಥದ ಇಂಗ್ಲಿಷ್ ಅನುವಾದ 1912ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊಂಬುಜದ ಗ್ರಂಥಮಾಲೆ 2000ದಲ್ಲಿ ಹೊರತಂದಿದೆ. ರಜೆಯ ದಿನ ಬಸದಿಯ ಪಾಠಶಾಲೆಯಲ್ಲಿ ಮಕ್ಕಳ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು 27994681 × 441 ಬಿಡಿಸಲು ಹೇಳಿ. ಉತ್ತರ ಸರಿಯೇ ಎಂದು ಅವರು ಯಾರನ್ನೂ ಕೇಳಬೇಕಾಗುವುದಿಲ್ಲ.

ಜೈ ಜಿನೇಂದ್ರ.