ಅಜೇಯನ ಎದುರಾಳಿ

ಒಬ್ಬ ಆಟಗಾರನು ವರ್ಷದಿಂದ ವರ್ಷಕ್ಕೆ ಗೆಲ್ಲುತ್ತಲೇ ಹೋದಾಗ, ‘ಇವನನ್ನು ಮಣಿಸಬಲ್ಲವರು ಯಾರಾದರೂ ಉಂಟೇ?’ ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ಟೆನಿಸ್ ಆಟದಲ್ಲಂತೂ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಸಿಂಗಲ್ಸ್ ಪಂದ್ಯದಲ್ಲಿ ನೆರವಿಗೆ ಜೊತೆಗಾರರಿಲ್ಲ; ವೇಳೆ ಮುಗಿಯಿತೆಂದು ಆಟ ನಿಲ್ಲುವುದೂ ಇಲ್ಲ. ಕೊನೆಯ ಅಂಕವನ್ನು ಗಳಿಸುವವರೆಗೆ ಯಾರೂ ಗೆದ್ದಂತಲ್ಲ.

1970ರ ದಶಕದ ಉತ್ತರಾರ್ಧದಲ್ಲಿ ಹೀಗೆ ಅಜೇಯನೆನಿಸಿದ್ದವನು ಸ್ವೀಡನ್ ದೇಶದ ಬಿಯಾನ್ ಬೋರ್ಗ್. ಲಂಡನ್ನಿನ ವಿಂಬಲ್ಡನ್ ಹುಲ್ಲಿನ ಅಂಕಣದಲ್ಲಿ 1976ರಿಂದ 1979ರವರೆಗೆ ಅವನು ಸತತವಾಗಿ ನಾಲ್ಕು ಬಾರಿ ಪ್ರಶಸ್ತಿ ಗಳಿಸಿದನು. ಅಮೆರಿಕದ ಜಿಮ್ಮಿ ಕಾನರ್ಸ್‌ನಂತಹ ಪ್ರಬಲ ಆಟಗಾರನೂ 1977 ಮತ್ತು 1978ರ ಅಂತಿಮ ಪಂದ್ಯಗಳಲ್ಲಿ ಅವನಿಗೆ ಸೋತನು. ಎದುರಾಳಿ ತಪ್ಪುವವರೆಗೆ ಚೆಂಡನ್ನು ಹಿಂದಿರುಗಿಸುತ್ತಲೇ ಇರುವ ತಾಳ್ಮೆಯೇ ಬೋರ್ಗನ ದೊಡ್ಡ ಬಲ.

ಈ ತಾಳ್ಮೆಗೆ ಉತ್ತರವಾಗಿ ಬಂದವನು ಬೋರ್ಗನಿಗಿಂತ ಸುಮಾರು ಮೂರು ವರ್ಷ ಕಿರಿಯನಾದ ಅಮೆರಿಕದ ಜಾನ್ ಮೆಕೆನ್ರೊ. ಅವನು ಎಡಗೈ ಆಟಗಾರ. ಅವನ ಸರ್ವ್ ಹೊರಕ್ಕೆ ಬಾಗಿ, ಬೋರ್ಗನನ್ನು ಅಂಕಣದ ಅಂಚಿನಾಚೆಗೆ ಎಳೆಯುತ್ತಿತ್ತು. ಎರಡೂ ಕೈಗಳಿಂದ ಬ್ಯಾಕ್‌ಹ್ಯಾಂಡ್ ಹೊಡೆಯುವವನಿಗೆ ಅಷ್ಟು ದೂರದ ಚೆಂಡು ಎಟುಕುವುದು ಕಷ್ಟ. ಅಷ್ಟರಲ್ಲಿ ಮೆಕೆನ್ರೊ ಬಲೆಯ ಬಳಿಗೆ ಧಾವಿಸಿ, ಚೆಂಡು ನೆಲಕ್ಕೆ ಬೀಳುವ ಮೊದಲೇ ವಾಲಿ ಮಾಡುತ್ತಿದ್ದನು. ಹೀಗೆ ತಾಳ್ಮೆಗೆ ಬೇಕಾದ ಸಮಯವನ್ನೇ ಅವನು ಕಸಿದುಕೊಂಡನು. 1978ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಅವರ ಮೊದಲ ಭೇಟಿಯಲ್ಲಿಯೇ ಬೋರ್ಗ್ ಸೋತನು.

1980ರ ಜುಲೈ 5ರಂದು ಇಬ್ಬರೂ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಎದುರಾದರು. ನಾಲ್ಕನೆಯ ಸೆಟ್ಟಿನಲ್ಲಿ ಇಬ್ಬರಿಗೂ ಆರಾರು ಗೇಮುಗಳಾಗಿ ಟೈಬ್ರೇಕರ್ ಆರಂಭವಾಯಿತು. ಏಳು ಅಂಕಗಳನ್ನು ಮುಟ್ಟಿ, ಎರಡು ಅಂಕಗಳ ಮುನ್ನಡೆ ಪಡೆದವನಿಗೆ ಸೆಟ್ಟು ಸಲ್ಲುವುದು ನಿಯಮ. ಆದರೆ ಆ ಮುನ್ನಡೆ ಯಾರಿಗೂ ಬೇಗನೆ ದಕ್ಕಲಿಲ್ಲ. ಇನ್ನೊಂದೇ ಅಂಕ ದೊರೆತರೆ ಬೋರ್ಗ್ ಪಂದ್ಯ ಗೆಲ್ಲುವ ಸಂದರ್ಭ ಟೈಬ್ರೇಕರ್‌ನಲ್ಲಿಯೇ ಐದು ಬಾರಿ ಬಂದಿತು. ಐದು ಬಾರಿಯೂ ಮೆಕೆನ್ರೊ ಪಾರಾಗಿ, 18-16ರಿಂದ ಸೆಟ್ಟನ್ನು ಗೆದ್ದನು. ಕೈಗೆ ಬಂದ ಜಯ ಜಾರಿದಾಗ ಎಂಥವನ ಎದೆಯೂ ಕುಗ್ಗೀತು. ಬೋರ್ಗ್ ಕುಗ್ಗಲಿಲ್ಲ. ಐದನೆಯ ಸೆಟ್ಟನ್ನು 8-6ರಿಂದ ಗೆದ್ದು, ಐದನೆಯ ಸಲ ಪ್ರಶಸ್ತಿಯನ್ನು ಎತ್ತಿ ಹಿಡಿದನು.

ಮೆಕೆನ್ರೊ ಸೋತು ಸುಮ್ಮನಾಗಲಿಲ್ಲ. ಮರುವರ್ಷ ಅದೇ ಅಂಕಣದಲ್ಲಿ ಬೋರ್ಗನನ್ನು ಸೋಲಿಸಿದನು. ವಿಂಬಲ್ಡನ್ನಿನಲ್ಲಿ ಬೋರ್ಗ್ ಸತತವಾಗಿ ಗೆದ್ದಿದ್ದ 41 ಪಂದ್ಯಗಳ ಸರಣಿ ಅಲ್ಲಿಗೆ ಮುಗಿಯಿತು. 1983ರಲ್ಲಿ, ಕೇವಲ 26ನೆಯ ವಯಸ್ಸಿನಲ್ಲಿ, ಬೋರ್ಗ್ ನಿವೃತ್ತಿಯನ್ನು ಸಾರಿದನು. ಅವರಿಬ್ಬರು ಆಡಿದ 14 ಪಂದ್ಯಗಳಲ್ಲಿ ಏಳನ್ನು ಒಬ್ಬನು, ಏಳನ್ನು ಇನ್ನೊಬ್ಬನು ಗೆದ್ದಿದ್ದರು.

ಕಾಲಾನಂತರದಲ್ಲಿ ಇದೇ ಕಥೆ ಮರುಕಳಿಸಿತು. 2003ರಿಂದ ಐದು ವರ್ಷ ವಿಂಬಲ್ಡನ್ ಗೆದ್ದ ರೋಜರ್ ಫೆಡರರ್‌ಗೆ 2006 ಮತ್ತು 2007ರಲ್ಲಿ ಸೋತ ರಾಫೆಲ್ ನಡಾಲ್, 2008ರಲ್ಲಿ ಐದು ಸೆಟ್ಟುಗಳ ಹೋರಾಟದಲ್ಲಿ ಅವನನ್ನು ಮಣಿಸಿದನು.

ಅಗ್ರಸ್ಥಾನದಲ್ಲಿರುವವನನ್ನು ಎದುರಿಸಲು ಅವನಂತೆಯೇ ಆಡುವುದು ಸಾಲದು. ಅವನ ಬಲ ಎಲ್ಲಿ ನಿಲ್ಲುತ್ತದೆಂಬುದನ್ನು ಅರಿಯಬೇಕು. ಸೋತ ಪಂದ್ಯವೇ ಆ ಅರಿವನ್ನು ನೀಡುವ ಪಾಠಶಾಲೆ. ಇತ್ತ ಬೋರ್ಗನ ಎದೆಗಾರಿಕೆ ಎಂಥದೆಂಬುದು ಲೋಕಕ್ಕೆ ತಿಳಿದದ್ದು ಅವನು ಸುಲಭವಾಗಿ ಗೆದ್ದ ಪಂದ್ಯಗಳಿಂದಲ್ಲ, ಮೆಕೆನ್ರೊ ಅವನನ್ನು ಸೋಲಿನ ಅಂಚಿಗೆ ತಂದು ನಿಲ್ಲಿಸಿದ ಆ ಒಂದು ಮಧ್ಯಾಹ್ನದಿಂದ.